ಪರಸಿಯ ಬೆನ್ನ ಮೇಲಿನ ರೋಮ್

ಶಹಾಬಾದದ ಪರಸಿ ಕಲ್ಲಿಗೆ ಎರಡು ಮುಖ. ಮೇಲಿನದು ಪಾಲಿಶ್ ಆಗಿ ನಿಮ್ಮ ಪಡಸಾಲೆಯಲ್ಲಿ ಹೊಳೆಯುತ್ತದೆ. ಕೆಳಗಿನದು ಒರಟು, ಸಿಮೆಂಟಿಗೆ ಅಂಟಿ ಕೂತ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಬೀರಲಿಂಗ ಕಥೆ ಬರೆಯುತ್ತಿದ್ದದ್ದು ಆ ಕೆಳಗಿನ ಮುಖದ ಮೇಲೆ. ನಾನೂ ಬರೆಯುವವನೇ. ಕಾಗದದ ಮೇಲೆ ಬರೆದು, ಅಚ್ಚು ಹಾಕಿಸಿ, ಎರಡು ಹಾಸ್ಯ ಸಂಕಲನಗಳನ್ನು ಮಂಚದ ಕೆಳಗೆ ಪೇರಿಸಿಟ್ಟಿದ್ದೇನೆ. ಯಾರೂ ನೋಡದಿರುವ ವಿಷಯದಲ್ಲಿ ನಮ್ಮಿಬ್ಬರ ನಡುವೆ ಹೆಚ್ಚು ವ್ಯತ್ಯಾಸವಿಲ್ಲ.

ಬೀರಲಿಂಗ ಊರ ಹೊರಗಿನ ಒಂದು ಕಲ್ಲಿನ ಅಂಗಳದಲ್ಲಿ ಅಳತೆ ಮಾಡುವವನು. ವಯಸ್ಸು ನಲವತ್ತಾರು. ಕಲ್ಲು ಕಟಿಂಗ್ ಆಗಿ, ಪಾಲಿಶ್ ಆಗಿ ಸಾಲಾಗಿ ನಿಂತ ಮೇಲೆ ಟೇಪು ಹಿಡಿದು ಅಳೆದು, ಹಿಂಬದಿಗೆ ಕರಿ ಮಾರ್ಕರಿನಿಂದ ಎರಡು ಬೈ ಎರಡು, ಎರಡು ಬೈ ಮೂರು ಎಂದು ಬರೆಯುವುದು ಅವನ ಕೆಲಸ. ಕರೆಂಟು ಹೋದಾಗ ಮಷಿನ್ನುಗಳು ನಿಲ್ಲುತ್ತವೆ, ಆಳುಗಳು ಬೀಡಿ ಹಚ್ಚುತ್ತಾರೆ, ಬೀರಲಿಂಗ ಅಳತೆಯ ಕೆಳಗೆ ಕಥೆ ಮುಂದುವರಿಸುತ್ತಾನೆ. ನಮ್ಮಲ್ಲಿ ಕರೆಂಟು ಹೋಗುವ ರೀತಿಗೆ ಅವನು ಇಷ್ಟರಲ್ಲಿ ಎರಡು ಮಹಾಕಾವ್ಯ ಮುಗಿಸಬೇಕಾಗಿತ್ತು.

“ಮನ್ಯಾಗ ಕಾಗದ ಇಲ್ಲೇನಪಾ?” ಎಂದು ನಾನು ಒಮ್ಮೆ ಕೇಳಿದ್ದೆ.

“ಅದಾವ್ರಿ ಸರ. ಕಾಗದದ ಮುಂದ ಕುಂತ್ರ ತಹಶೀಲದಾರಗ ಅರ್ಜಿ ಬರದಂಗ ಆಗ್ತದ್ರಿ. ಕೈ ತಾನೇ ‘ಮಾನ್ಯರೇ’ ಅಂತ ಶುರು ಮಾಡ್ತದ. ಕಲ್ಲಿನ ಮ್ಯಾಲ ಹಂಗ ಆಗಂಗಿಲ್ರಿ.”

ಅವನು ಬರೆಯುತ್ತಿದ್ದದ್ದು ರೋಮಿನ ಕಥೆ. ಎರಡು ಸಾವಿರ ವರ್ಷದ ಹಿಂದಿನ ರೋಮು, ಕತ್ತಿ, ಮಾಟ, ಮಂತ್ರ. ಇದಕ್ಕೆ ಕಾರಣ ಅವನ ಮಗಳು ದೇವಿಕಾಳ ಪಾಠಪುಸ್ತಕ. ನಾನು ವಾಡಿಯಿಂದ ದಿನಾ ರೈಲಿನಲ್ಲಿ ಬಂದು ಶಹಾಬಾದದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪಾಲಕರ ಸಭೆಯ ದಿನ ಈ ಮನುಷ್ಯ ಮೈತುಂಬ ಕಲ್ಲಿನ ಪುಡಿ ಹೊತ್ತು ಬಂದು, ಸಮಾಜ ವಿಜ್ಞಾನದ ಪುಸ್ತಕ ತೆರೆದು, ರೋಮಿನವರು ಕಲ್ಲು ಹಾಸಿ ಮಾಡಿದ ರಸ್ತೆಯ ಚಿತ್ರ ತೋರಿಸಿದ. ಆ ವಿಷಯದ ಮಾಸ್ತರು ಅಂದು ರಜೆ, ಸಿಕ್ಕವನು ನಾನು.

“ಸರ, ಇಷ್ಟು ಪರಸಿ ಯಾರು ಅಳದಿರಬೇಕ್ರಿ?”

ರಾಜನ ಹೆಸರು ಇತ್ತು, ಸೇನಾಪತಿಯ ಹೆಸರು ಇತ್ತು. ಅಳೆದವನ ಹೆಸರು ಪುಸ್ತಕದಲ್ಲಿ ಇರಲಿಲ್ಲ. ಗೊತ್ತಿಲ್ಲಪ್ಪ ಎಂದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಕೊಟ್ಟ ಉತ್ತರಗಳಲ್ಲಿ ಫಲ ಕೊಟ್ಟದ್ದು ಅದೊಂದೇ. ಯಾರಿಗೂ ಗೊತ್ತಿಲ್ಲವೆಂದ ಮೇಲೆ ತಾನೇ ಹೇಳಬಹುದೆಂದು ಬೀರಲಿಂಗ ಬರೆಯಲು ಶುರು ಮಾಡಿದ. ಕ್ವಿಂಟಸ್ ಎಂಬ ಗುಲಾಮ, ರೋಮಿನ ಕಲ್ಲಿನ ಗಣಿಯಲ್ಲಿ ಅಳತೆಗಾರ. ಅಂಗಳದ ಆಳುಗಳು ಅವನನ್ನು ಕ್ವಿಂಟಾಲಪ್ಪ ಎಂದು ಕರೆದರು.

ಮೊದಲ ಕಂತಿನಲ್ಲಿ ಕತ್ತಿ ಇರಲಿಲ್ಲ. ಕ್ವಿಂಟಸ್ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಅಳೆದ, ಅಷ್ಟೆ. ಅದನ್ನು ಕೇಳಿ ಪಾಲಿಶ್ ಮಷಿನ್ನಿನ ಸಿರಾಜುದ್ದೀನ ನೆಲಕ್ಕೆ ಉಗುಳಿದ. “ಬೀರ್ಯಾ, ದಿನಾ ಇಲ್ಲಿ ನೀ ಅಳೀದು ನೋಡೇ ನೋಡ್ತೀನಿ. ರೋಮಿಗೆ ಹೋಗಿನೂ ಅದೇ ನೋಡ್ಲೇನು? ಅವನ ಕೈಯಾಗ ಒಂದು ತಲವಾರ ಕೊಡು. ಒಬ್ಬಾಕಿ ಜಾದೂಗಾರ್ತಿ ಹಾಕು.”

ಹಾಗೆ ಕತ್ತಿ ಬಂತು, ವಿಬಿಯಾ ಎಂಬ ಮಾಟಗಾತಿ ಬಂದಳು. ಅವಳು ಗಣಿಯ ಕೆಳಗಿನ ಗವಿಯಲ್ಲಿ ಕೂತು ಗುಲಾಮರ ಉಸಿರು ಕದ್ದು ಮಣ್ಣಿನ ಗಡಿಗೆಗಳಲ್ಲಿ ತುಂಬಿ ಬಾಯಿ ಮೆತ್ತಿ ಇಡುತ್ತಾಳೆ. ಉಸಿರು ಕಳೆದುಕೊಂಡವರು ನಾಲ್ಕು ಹೆಜ್ಜೆ ನಡೆದರೆ ಕೂತುಬಿಡುತ್ತಾರೆ.

ಇದನ್ನು ಬೀರಲಿಂಗ ಎಲ್ಲಿಂದ ತಂದ ಎಂದು ಕೇಳುವ ಅಗತ್ಯವಿರಲಿಲ್ಲ. ಸಿರಾಜುದ್ದೀನ ಇಪ್ಪತ್ತಾರು ವರ್ಷ ಕಲ್ಲಿನ ಪುಡಿಯಲ್ಲಿ ನಿಂತವನು. ಐವತ್ತನಾಲ್ಕಕ್ಕೆ ಅವನ ಎದೆಯ ಫೋಟೋ ನೋಡಿದ ಡಾಕ್ಟರು ಇನ್ನು ಕೆಲಸ ಸಾಕು ಎಂದರು. ಎರಡು ವರ್ಷದಿಂದ ಅವನು ಮನೆಯಲ್ಲಿ, ಮೂಗಿಗೆ ನಳಿಗೆ, ಪಕ್ಕದಲ್ಲಿ ಗುರ್ ಎನ್ನುವ ಆಕ್ಸಿಜನ್ ಮಷಿನ್ನು. ಬೀರಲಿಂಗ ಪರಸಿಯ ಮೇಲೆ ಬರೆದದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ಕಳಿಸುವುದು, ನಾನು ಒತ್ತಕ್ಷರ ತಿದ್ದುವುದು, ಅವನು ಸಂಜೆ ಹೋಗಿ ಸಿರಾಜುದ್ದೀನನಿಗೆ ಓದಿ ಹೇಳುವುದು, ಹೀಗೆ ನಲವತ್ತು ಕಂತು ನಡೆಯಿತು. ಕಥೆಯ ಕಲ್ಲುಗಳು ಲಾರಿ ಹತ್ತಿ ಊರೂರಿಗೆ ಹೋದವು. ಕಲಬುರಗಿಯಿಂದ ಸೋಲಾಪುರದವರೆಗೆ ಎಷ್ಟೋ ಮಂದಿ ರೋಮಿನ ಮೇಲೆ ಕೂತು ಊಟ ಮಾಡುತ್ತಿರಬೇಕು.

ತಿದ್ದುವುದು ಎಂದೆ. ನಿಜ ಹೇಳಬೇಕೆಂದರೆ ನನ್ನ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಕ್ವಿಂಟಸ್ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದ. ರೋಮಿನಲ್ಲಿ ಇವೆಲ್ಲ ಇರಲಿಲ್ಲಪ್ಪ, ಅವರು ಗೋಧಿ ತಿನ್ನುತ್ತಿದ್ದರು ಎಂದೆ. “ಗೋಧಿ ತಿಂದು ತಲವಾರ ಬೀಸಲಿಕ್ಕೆ ಆಗ್ತದೇನ್ರಿ ಸರ?” ಎಂದ. ಅವನ ರೋಮಿನ ಕೋಟೆ ಮಳಖೇಡದ ಕೋಟೆಯೇ. ಅವನ ಟೈಬರ್ ನದಿ ಭಾದ್ರಪದದಲ್ಲಿ ನಮ್ಮ ಕಾಗಿಣಾ ಹೊಳೆಯ ಹಾಗೆ ತುಂಬಿ ಸೇತುವೆ ಮುಳುಗಿಸುತ್ತಿತ್ತು. ನಾನು ಹ್ರಸ್ವ ದೀರ್ಘಕ್ಕೆ ಇಳಿದೆ.

ನಲವತ್ತೊಂದನೆಯ ಕಂತಿನಲ್ಲಿ ಕ್ವಿಂಟಸ್ ಕೊನೆಗೂ ಗವಿಗೆ ಇಳಿಯುತ್ತಾನೆ. ತನ್ನ ಜೊತೆಗಾರನ ಉಸಿರು ಇರುವ ಗಡಿಗೆ ಹುಡುಕಬೇಕು. ಅಲ್ಲಿ ಸಾವಿರ ಗಡಿಗೆಗಳು, ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ತಪ್ಪು ಗಡಿಗೆ ಮುಟ್ಟಿದರೆ ಅವನೂ ಅಲ್ಲೇ ಕಲ್ಲಾಗುತ್ತಾನೆ. ಹೇಗೆ ಗುರುತು ಹಿಡಿದ? ಅದನ್ನು ಬೀರಲಿಂಗ ಒಂದು ಸಂಜೆ ಆರು ಪರಸಿಗಳ ಮೇಲೆ ಒಂದೇ ಉಸಿರಿನಲ್ಲಿ ಬರೆದ. ಬರೆದು ಅಲ್ಲೇ ಕಲ್ಲಿನ ಪುಡಿಯಲ್ಲಿ ಕೂತು ಅತ್ತನಂತೆ. ಮೊಬೈಲಿನ ಚಾರ್ಜು ಮುಗಿದಿತ್ತು. ನಾಳೆ ಫೋಟೋ ತೆಗೆದರಾಯಿತು ಎಂದು ಮನೆಗೆ ಹೋದ.

ಮರುದಿನ ಬೆಳಗ್ಗೆ ಚಹಾ ಕುಡಿಯುತ್ತ ಕೂತ ಸಿರಾಜುದ್ದೀನನಿಗೆ ಉಸಿರು ನಿಂತಂತಾಯಿತು. ಅವನ ಹೆಂಡತಿ ಹುಸ್ನಾ ಮೊದಲು ಫೋನು ಮಾಡಿದ್ದು ಬೀರಲಿಂಗನಿಗೆ. ಇವನು ಅಂಗಳಕ್ಕೆ ಹೋಗದೆ ಅವನನ್ನು ಕಲಬುರಗಿಯ ದವಾಖಾನೆಗೆ ಒಯ್ದ. ನಾಲ್ಕು ದಿನ ಅಲ್ಲೇ ಉಳಿದ. ಐದನೆಯ ದಿನ ಅಂಗಳಕ್ಕೆ ಬಂದರೆ ಆ ಸಾಲು ಖಾಲಿ.

“ಎರಡು ಬೈ ಎರಡು ಎಲ್ಲಾ ಚಿಮ್ಮನಚೋಡಕ್ಕೆ ಹೋದ್ವು. ಯಾಕ, ಅಳತಿ ತಪ್ಪಿತ್ತೇನು?” ಎಂದರು ಅಂಗಳದವರು.

ಗವಿಯ ಸಾವಿರ ಗಡಿಗೆಗಳ ಸುದ್ದಿ ನಲವತ್ತನೆಯ ಕಂತಿನ ಕೊನೆಗೇ ಬಂದಿತ್ತು. ದವಾಖಾನೆಯಲ್ಲಿ ಸಿರಾಜುದ್ದೀನ ಮಾಸ್ಕಿನೊಳಗಿಂದ ಅದೊಂದೇ ಕೇಳುತ್ತಿದ್ದ. “ಗಡಿಗಿ ಹ್ಯಾಂಗ ಗುರ್ತ ಹಿಡದಾ?”

ಬೀರಲಿಂಗನಿಗೆ ನೆನಪಿರಲಿಲ್ಲ. ನಾನು ನಂಬಲಿಲ್ಲ. ನೀನೇ ಬರೆದದ್ದು, ಒಂದು ವಾರವೂ ಆಗಿಲ್ಲ ಎಂದೆ. ಅವನು ತಲೆ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. “ಬರಿಯಾಗ ಬರ್ತದ್ರಿ ಸರ, ಬರದ ಮ್ಯಾಲ ಕಲ್ಲಿಗಿ ಹೋಗ್ತದ. ನನ್ನ ಹತ್ರ ಏನೂ ಉಳಿಯಂಗಿಲ್ಲ. ಖರೆ ಇತ್ತು ಅಂಬದು ಒಂದೇ ನೆನಪದ. ಅಷ್ಟು ಖರೆ ಇತ್ರಿ.”

ಬೇರೆ ಏನಾದರೂ ಹೇಳಿದರಾಯಿತು ಎಂದು ಅವನು ನಾಲ್ಕೈದು ದಾರಿ ಯೋಚಿಸಿದ. ಗಡಿಗೆಯ ಮೇಲೆ ಹೆಸರು ಇತ್ತು ಎಂದ. “ಗುಲಾಮಗ ಓದಲಿಕ್ಕೆ ಬರ್ತದೇನು?” ಎಂದ ಸಿರಾಜುದ್ದೀನ. ಕತ್ತಿ ತಾನೇ ತೋರಿಸಿತು ಎಂದ. “ಹಂಗಾದ್ರ ಮದ್ಲೇ ಯಾಕ ತೋರಿಸಲಿಲ್ಲ, ನಲವತ್ತು ಕಂತು ನಿದ್ದಿ ಮಾಡ್ಲಿಕತ್ತಿತ್ತೇನು?” ಕೊನೆಗೆ ಸಾಹಿತಿಯಾದ ನಾನು ಮುಂದೆ ಬಂದೆ. ಗಡಿಗೆಯ ಕೊರಳಿಗೆ ಕೆಂಪು ದಾರ ಕಟ್ಟಿತ್ತು ಎಂದೆ. ಸಿರಾಜುದ್ದೀನ ನನ್ನನ್ನೇ ನೋಡಿದ. “ಮಾಸ್ತರ್ರೇ, ಜಾದೂಗಾರ್ತಿ ಅಷ್ಟು ಹುಚ್ಚೇನ್ರಿ, ಗುರ್ತಿಗೆ ದಾರ ಕಟ್ಟಿ ಇಡಲಿಕ್ಕೆ?” ಎಂದು ನಗತೊಡಗಿದ. ನಗು ನಿಲ್ಲಲಿಲ್ಲ, ಆಕ್ಸಿಜನ್ ಇಳಿಯಿತು, ನರ್ಸು ಓಡಿ ಬಂದು ನಮ್ಮನ್ನು ಹೊರಗೆ ಹಾಕಿದಳು. ನನ್ನ ಸಾಹಿತ್ಯದಿಂದ ಒಬ್ಬ ಮನುಷ್ಯ ಅಷ್ಟು ನಕ್ಕದ್ದು ಅದೇ ಮೊದಲು. ಅದಕ್ಕೂ ಇಷ್ಟು ದಂಡ.

ಮರುದಿನ ಡಾಕ್ಟರು ಹುಸ್ನಾಳನ್ನು ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಹಾಬಾದಕ್ಕೆ ತಂದು ಮಲಗಿಸಿದ ಮೇಲೆ ಹುಸ್ನಾ ಬಾಗಿಲ ಹೊರಗೆ ಬಂದು ನಿಂತಳು.

“ಬೀರಲಿಂಗಣ್ಣ, ಅವ್ರಿಗಿ ಊಟ ಬ್ಯಾಡ, ನೀರು ಬ್ಯಾಡ. ಆ ಗಡಿಗಿದೊಂದು ಹೇಳ್ರಿ. ಮನಸಿನಾಗ ಅದೊಂದು ಇಟ್ಕೊಂಡು ಹೋಗೂದು ಬ್ಯಾಡ.”

ಮರುದಿನ ಬೆಳಗ್ಗೆ ನಾನೂ ಬೀರಲಿಂಗನೂ ಚಿಮ್ಮನಚೋಡಕ್ಕೆ ಹೊರಟೆವು. ಚಿತ್ತಾಪುರದಲ್ಲಿ ಒಂದು ಬಸ್ಸು ತಪ್ಪಿತು, ಸೇಡಂನಲ್ಲಿ ಎರಡು ತಾಸು ಕಾದೆವು. ಮಳಖೇಡ ದಾಟುವಾಗಲೂ ಅವನು ಕೋಟೆಯ ಕಡೆ ತಿರುಗಿ ನೋಡಲಿಲ್ಲ. ಮಾರ್ಕರಿನ ಮುಚ್ಚಳ ತೆಗೆಯುತ್ತಿದ್ದ, ಹಾಕುತ್ತಿದ್ದ. ಚಿಂಚೋಳಿಯಲ್ಲಿ ಇಳಿದು ಟಂಟಂ ಆಟೋ ಹಿಡಿದು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಮನೆ ಗುರುಲಿಂಗಪ್ಪ ಎಂಬವರದು. ತೊಗರಿ ಬೆಳೆಯುವವರು, ಹೊಸ ಮನೆ, ಸೋಮವಾರ ಸ್ವಾಮಿಗಳ ಪಾದ ಮುಟ್ಟಿಸಿ ಪ್ರವೇಶ. ಒಳಗೆ ಕಪಿಲ ಎಂಬ ಮೇಸ್ತ್ರಿ ಪಡಸಾಲೆಗೆ ಪರಸಿ ಹಾಕುತ್ತಿದ್ದ. ಗೋಡೆಗೆ ಇನ್ನೂ ಒಂದಷ್ಟು ಕಲ್ಲು ಒರಗಿದ್ದವು.

“ಅಳತಿ ಕಮ್ಮಿ ಬಿದ್ದದೇನ್ರಿ?” ಎಂದರು ಗುರುಲಿಂಗಪ್ಪ.

“ಅಳತಿ ಬರೋಬ್ಬರಿ ಅದರಿ. ಕಲ್ಲಿನ ಹಿಂದ ನಂದೊಂದು ಸಾಮಾನು ಉಳದದರಿ.”

“ಏನು ಸಾಮಾನು?”

“ಕಥಿರಿ.”

ಗುರುಲಿಂಗಪ್ಪ ನನ್ನ ಕಡೆ ನೋಡಿದರು. ಬಿಳಿ ಅಂಗಿ, ಕನ್ನಡಕ. ಇವನಾದರೂ ನೆಟ್ಟಗೆ ಮಾತಾಡಿಯಾನು ಎಂದು ಭಾವಿಸಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಶರಣಬಸಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು.

“ಆ ಕ್ವಿಂಟಸನ ಕಥಿ ಬರದವ್ರು ನೀವೇನ್ರಿ? ಅಲ್ರಿ ಯಪ್ಪಾ, ಗವಿಯಾಗ ಇಳದ ಅಂದ್ರಿ, ಸಾವಿರ ಗಡಿಗಿ ಅದಾವ ಅಂದ್ರಿ, ಆಮ್ಯಾಲ ಕಲ್ಲೇ ಇಲ್ಲ. ಮೂರು ದಿನದಿಂದ ಮನಸ್ಸಿಗಿ ಸಮಾಧಾನ ಇಲ್ಲ ನನಗ.”

ಒಂದರಿಂದ ನಾಲ್ಕು ಗೋಡೆಗೆ ಒರಗಿದ್ದವು. ಐದು, ಆರು ಇರಲಿಲ್ಲ. ಮೇಸ್ತ್ರಿ ಕಪಿಲ ತಲೆ ಕೆರೆದುಕೊಂಡ. “ಬರದ ಕಲ್ಲು ಎರಡು ಅಡಗಿಮನಿಯಾಗ ಹಾಕೀನ್ರಿ. ಮೊನ್ನಿ. ಕಟ್ಟಿ ಬಾಜೂಕ ಇರಬೇಕು. ಯಾವು ಅಂತ ಮ್ಯಾಲಿಂದ ಹ್ಯಾಂಗ ಗೊತ್ತಾಗ್ತದ?”

ಗುರುಲಿಂಗಪ್ಪನವರಿಗೆ ಈಗ ವಿಷಯ ತಿಳಿಯಿತು. “ಹಾಕಿದ ಪರಸಿ ಕೀಳಬೇಕೇನು? ಕಥೀ ಸಲುವಾಗಿ? ಇದು ಮನಿ ಅದರಿ, ಲೈಬ್ರರಿ ಅಲ್ಲ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೀರಲಿಂಗ ಶರಣಬಸಮ್ಮನವರ ಕಡೆ ತಿರುಗಿದ. “ಅಕ್ಕೋರ, ನಮ್ಮ ದೋಸ್ತ ಒಬ್ಬ ಅದಾನ್ರಿ. ಈ ಪರಸಿಗಿ ಪಾಲಿಶ್ ಹೊಡದು ಹೊಡದು ಎದಿ ಹೋಗ್ಯಾದ. ದವಾಖಾನಿಯವ್ರು ಮನೀಗಿ ಒಯ್ಯರಿ ಅಂದಾರ. ಅಂವ ಇದೊಂದೇ ಕೇಳ್ಲಿಕತ್ಯಾನ. ನನಗ ನೆನಪಿಲ್ರಿ.” ಇಷ್ಟು ಹೇಳಿ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತ, ಅದನ್ನೇ ಒತ್ತೆ ಇಡುವವನ ಹಾಗೆ.

ಶರಣಬಸಮ್ಮ ಆ ಟೇಪನ್ನು ನೋಡಿದರು. ಆಮೇಲೆ ಗಂಡನಿಗೆ ಹೇಳಿದರು. “ಸ್ವಾಮಿಗೋಳು ಸೋಮವಾರ ಬರ್ತಾರ. ಕಲ್ಲು ನಾಳಿ ಮತ್ತ ಹಾಕಬಹುದು. ಕಪಿಲಾ, ಕೀಳು.”

ಮೊದಲು ಕಿತ್ತ ಕಲ್ಲಿನ ಹಿಂದೆ ಬರೀ ಎರಡು ಬೈ ಎರಡು ಎಂದಿತ್ತು. ಗುರುಲಿಂಗಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಎರಡನೆಯದು ಕೀಳುವಾಗ ನಡುವೆ ಸೀಳಿತು, ಅದು ಐದನೆಯದು. ಅರ್ಧಂಬರ್ಧ ಸಿಮೆಂಟಿನ ನಡುವೆ ಅಕ್ಷರ ಕಂಡವು. ಬೀರಲಿಂಗ ಎರಡು ತುಂಡನ್ನೂ ಕೂಡಿಸಿ, ಮಂಡಿಯೂರಿ, ಬೆರಳಿಟ್ಟು ಓದಿದ. ಕ್ವಿಂಟಸ್ ಗಡಿಗೆಗಳ ನಡುವೆ ನಡೆಯುತ್ತಾನೆ. ಕತ್ತಿಯನ್ನು ಕೆಳಗಿಡುತ್ತಾನೆ. ಒಂದು ಗಡಿಗೆಯ ಹತ್ತಿರ, ಮುಟ್ಟದೆ, ಕಿವಿ ತರುತ್ತಾನೆ. ‘ಒಳಗೆ’ ಎಂಬಲ್ಲಿಗೆ ಕಲ್ಲು ಮುಗಿಯಿತು.

ಆರನೆಯದನ್ನು ಕಪಿಲ ಉಳಿಯನ್ನು ಹೂವಿನಂತೆ ಆಡಿಸಿ, ಅರ್ಧ ತಾಸು ತೆಗೆದುಕೊಂಡು, ಒಂದು ಮೂಲೆಯೂ ಮುಕ್ಕಾಗದಂತೆ ಎಬ್ಬಿಸಿದ. ತಿರುಗಿಸಿದ. ಹಿಂದೆ ಪೂರ್ತಿ ಸಿಮೆಂಟು ಕಚ್ಚಿತ್ತು. ನೀರು ಹಾಕಿದೆವು, ಶರಣಬಸಮ್ಮ ತೆಂಗಿನ ನಾರು ತಂದು ತಿಕ್ಕಿದರು, ಬೀರಲಿಂಗ ಉಗುರಿನಿಂದ ಕೆರೆದ. ಕೊಟ್ಟಕೊನೆಗೆ ಕೆಳಗಿನ ಅಂಚಿನಲ್ಲಿ ಎರಡು ಪದ ಎದ್ದವು. ‘ಅದು ಅವನದೇ.’ ನಡುವೆ ಏನಿತ್ತೋ ಅದು ಸಿಮೆಂಟಿನ ಪಾಲಾಗಿತ್ತು.

ಬೀರಲಿಂಗನ ಉಗುರಲ್ಲಿ ರಕ್ತ ಬಂದಿತ್ತು. ಶರಣಬಸಮ್ಮ ಅವನ ಕೈ ಹಿಡಿದು ಸರಿಸಿದರು. “ಬಿಡು ತಮ್ಮಾ. ಹೋಗಿ ಅವನ ಬಾಜೂಕ ಕುಂದ್ರು. ಹೊತ್ತು ಕಳೀಬ್ಯಾಡ.”

ಬರುವಾಗ ಬಸ್ಸಿನಲ್ಲಿ ನಾನು ಸಮಾಧಾನ ಹೇಳಲು ಹೋಗಿ ಒಂದು ಹಾಸ್ಯ ಮಾಡಿದೆ. ಏನೆಂದು ಇಲ್ಲಿ ಬರೆಯುವುದಿಲ್ಲ, ಬರೆಯುವಷ್ಟು ಚೆನ್ನಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಸಿರಾಜುದ್ದೀನನ ಮನೆಗೆ ಹೋದಾಗ ಕರೆಂಟಿರಲಿಲ್ಲ. ಮಷಿನ್ನು ಸುಮ್ಮನಿತ್ತು, ಸಣ್ಣ ಸಿಲಿಂಡರು ಹಚ್ಚಿದ್ದರು. ಹುಸ್ನಾ ಅದರ ಮುಳ್ಳನ್ನೇ ನೋಡುತ್ತ ಕೂತಿದ್ದಳು. ಬೀರಲಿಂಗ ಚಿಮ್ಮನಚೋಡದಲ್ಲಿ ತೆಗೆದ ಫೋಟೋ ನೋಡಿ ಒಂದರಿಂದ ಐದು ಕಲ್ಲು ಓದಿದ. ‘ಒಳಗೆ’ ಎಂಬಲ್ಲಿ ನಿಂತ.

“ಒಳಗ ಏನು?” ಎಂದ ಸಿರಾಜುದ್ದೀನ.

“ಸಿಮೆಂಟ ತಿಂತು ಸಿರಾಜಭಾಯಿ. ‘ಅದು ಅವನದೇ’ ಅಂಬದು ಒಂದೇ ಉಳದದ. ನಡುವಿಂದು ಹೋಯ್ತು.”

ಸಿರಾಜುದ್ದೀನ ಕಣ್ಣು ಮುಚ್ಚಿದ. ಹುಸ್ನಾ ಎದ್ದು ಅವನ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಅವನು ಕಣ್ಣು ತೆರೆಯದೆ, ಒಂದೊಂದೇ ಮಾತು ಎತ್ತಿ ಇಟ್ಟ.

“ಬ್ಯಾರೇ ಗಡಿಗಿ ಎಲ್ಲಾ ಸುಮ್ಮ ಇದ್ದವು... ಇದೊಂದ್ರಾಗಿಂದ ಬೈಗಳ ಕೇಳ್ತು. ‘ಬದ್ಮಾಶ್, ಇಷ್ಟು ತಡಾ ಮಾಡಿ ಬರ್ತೀಯೇನು’ ಅಂತ... ದೋಸ್ತಂದು ಇದ್ರ ಬೈದೇ ಬೈತದ. ಮತ್ತ್ಯಾರು ಬೈತಾರ?”

ಬೀರಲಿಂಗ ತಟ್ಟನೆ ನೆಟ್ಟಗೆ ಕೂತ. “ಇದೇ ಇತ್ತು,” ಎಂದ. “ಸಿರಾಜಭಾಯಿ, ಇದೇ ಬರದಿದ್ನಿ ನಾ.”

ಅವನಿಗೆ ನಿಜವಾಗಿ ನೆನಪಾಯಿತೋ, ಸುಳ್ಳು ಹೇಳಿದನೋ, ಇಂದಿಗೂ ನನಗೆ ತಿಳಿಯದು. ಕೇಳುವ ಧೈರ್ಯ ನನಗಿಲ್ಲ.

“ಮುಂದ?” ಎಂದ ಸಿರಾಜುದ್ದೀನ.

ಮುಂದೆ ಏನೂ ಬರೆದಿರಲಿಲ್ಲ. ಕಲ್ಲು ಇಲ್ಲದೆ ಒಂದು ಸಾಲು ಬಾರದ ಮನುಷ್ಯ ಬಾಯಲ್ಲೇ ಶುರು ಮಾಡಿದ. ನಾನು ಶಾಲೆಯ ಡೈರಿ ತೆರೆದು ಬರೆದುಕೊಂಡೆ. ಕ್ವಿಂಟಸ್ ಗಡಿಗೆಯ ಬಾಯಿ ಒಡೆದ. ಅಲ್ಲೇ ಮೂಲೆಯಲ್ಲಿ ಬಿದ್ದಿದ್ದ ಜೊತೆಗಾರ ಎದ್ದು ಕೂತ. ಇನ್ನು ಇಬ್ಬರೂ ಮೇಲೆ ಹೋಗಬೇಕು, ಬಿಸಿಲಿಗೆ. ಅಲ್ಲಿಂದ ಮೆಟ್ಟಿಲು.

“ಏಸು ಮೆಟ್ಟಲಾ?”

“ನಾಕನೂರು.”

“ಭಾಳಾತು. ಅವ್ನಿಗಿ ಈಗ ಉಸರು ಬಂದದ. ಇನ್ನೂರು ಮಾಡು.”

“ಇನ್ನೂರು.”

“ಬೀರ್ಯಾ, ಕಂಜೂಸ ಆಗಬ್ಯಾಡ. ನಿನ್ನ ಗಂಟೇನು ಹೋಗ್ತದ?”

“ಎಂಬತ್ತು ಮಾಡ್ತೀನಿ. ಅದಕ್ಕಿಂತ ಕಮ್ಮಿ ಆದ್ರ ಗವಿ ಅನ್ನಂಗಿಲ್ಲ ಸಿರಾಜಭಾಯಿ, ತಗ್ಗು ಅಂತಾರ.”

ಸಿರಾಜುದ್ದೀನನ ತುಟಿ ಸ್ವಲ್ಪ ಅಲುಗಿತು. ಎಂಬತ್ತಕ್ಕೆ ಒಪ್ಪಿದ. ಬೀರಲಿಂಗ ಅವರಿಬ್ಬರನ್ನು ಹತ್ತಿಸಲು ಶುರು ಮಾಡಿದ. ಅವಸರ ಮಾಡಲಿಲ್ಲ. ಹತ್ತು ಹತ್ತಿದರೆ ಕೂಡ್ರಿಸಿದ, ನೀರು ಕುಡಿಸಿದ, ಜೊತೆಗಾರನ ಬಾಯಲ್ಲಿ ರೋಮಿನ ಚಕ್ರವರ್ತಿಗೆ ಬೈಸಿದ, ಮತ್ತೆ ಎಬ್ಬಿಸಿದ. ನಾನು ಬರೆಯುತ್ತಿದ್ದೆ, ಒಂದು ಒತ್ತಕ್ಷರವನ್ನೂ ತಿದ್ದಲಿಲ್ಲ. ಐವತ್ತೇಳನೆಯ ಮೆಟ್ಟಿಲಿನಲ್ಲಿ ಕರೆಂಟು ಬಂತು, ಮಷಿನ್ನು ಗುರ್ ಎಂದಿತು, ಸಿರಾಜುದ್ದೀನನಿಗೆ ನಿದ್ದೆ ಹತ್ತಿತ್ತು. ಉಳಿದದ್ದು ನಾಳೆ ಎಂದು ಬೀರಲಿಂಗ ಪಿಸುಗುಟ್ಟಿದ.

ಮರುದಿನ ಹೇಳುವ ಕೆಲಸ ಬರಲಿಲ್ಲ. ಸಿರಾಜುದ್ದೀನ ಎಚ್ಚರವಾಗಲೇ ಇಲ್ಲ. ಮೂರನೆಯ ದಿನ ಬೆಳಗ್ಗೆ ಹೋದ. ಮಣ್ಣಿಗೆ ಇಡೀ ಅಂಗಳವೇ ಬಂದಿತ್ತು, ಮಷಿನ್ನು ನಿಲ್ಲಿಸಿ.

ಆಮೇಲೆ ಬೀರಲಿಂಗ ಬರೆಯುವುದು ಬಿಟ್ಟ. ಪರಸಿಗಳ ಬೆನ್ನ ಮೇಲೆ ಎರಡು ಬೈ ಎರಡು, ಎರಡು ಬೈ ಮೂರು, ಅಷ್ಟೆ. ಕರೆಂಟು ಹೋದರೆ ಆಳುಗಳ ಜೊತೆ ಬೀಡಿ ಸೇದುತ್ತ ಕೂಡುತ್ತಿದ್ದ. ನಾನು ಡೈರಿ ತೋರಿಸಿದರೆ ಮುಖ ತಿರುಗಿಸುತ್ತಿದ್ದ. “ಯಾರಿಗಿ ಓದಿ ಹೇಳ್ಲಿರಿ ಸರ? ನಿಮಗೇನು?” ನನ್ನ ಓದುಗತನದ ಬೆಲೆ ನನಗೆ ಅಂದೇ ತಿಳಿಯಿತು.

ನಲವತ್ತು ದಿನ ಮುಗಿದ ಮೇಲೆ ಒಂದು ಮಧ್ಯಾಹ್ನ ಹುಸ್ನಾ ಅಂಗಳಕ್ಕೆ ಬಂದಳು. ನಾನೂ ಅಲ್ಲಿದ್ದೆ. ಆಕೆ ಕಲ್ಲಿನ ಸಾಲುಗಳ ನಡುವೆ ನಡೆದು, ಒಂದೊಂದರ ಬೆನ್ನನ್ನೂ ಬಗ್ಗಿ ನೋಡುತ್ತ ಬಂದು ಬೀರಲಿಂಗನ ಮುಂದೆ ನಿಂತಳು.

“ಇಪ್ಪತ್ಮೂರು ಮೆಟ್ಟಲಾ ಉಳದಾವ,” ಎಂದಳು.

ಬೀರಲಿಂಗ ನೆಲ ನೋಡಿದ. “ಭಾಭಿ, ಮ್ಯಾಲ ಹೋದಿಂದ ಏನು ಅಂತ ನನಗ ಗೊತ್ತಿಲ್ರಿ.”

“ಅದು ನನಗೂ ಗೊತ್ತಿಲ್ಲ. ಅವ್ರು ಅಲ್ಲೇ ನಡುವ ನಿಂತಾರ, ನಲವತ್ತು ದಿನ ಆಯ್ತು. ದಣೀತಾರ್ರಿ. ಕುಂದ್ರಸರೆ ಕುಂದ್ರಸ್ರಿ, ಇಲ್ಲಾ ಹತ್ತಸ್ರಿ.”

ಕಟಿಂಗ್ ಮಷಿನ್ನು ನಡೆದೇ ಇತ್ತು. ಬೀರಲಿಂಗ ಒಂದು ಎರಡು ಬೈ ಎರಡನ್ನು ಸಾಲಿನಿಂದ ಎಳೆದು, ಅಂಗಿಯ ತೋಳಿನಿಂದ ಪುಡಿ ಒರೆಸಿದ. ಹುಸ್ನಾ ಪಕ್ಕದ ಕಲ್ಲಿನ ಮೇಲೆ ಕೂತಳು. ಅವನು ಐವತ್ತೆಂಟು ಎಂದು ಬರೆದು, ಅದರ ಮುಂದೆ ಮಾರ್ಕರು ಊರಿಕೊಂಡು ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕೈ ಓಡತೊಡಗಿತು. ನನ್ನ ಮೊಬೈಲಿನಲ್ಲಿ ಚಾರ್ಜು ಎಷ್ಟಿದೆ ಎಂದು ನೋಡಿಕೊಂಡು ನಾನು ಹಿಂದೆ ನಿಂತೆ.